ಮೆಸೇಜಿನಲ್ಲಿ ಬೆಳೆಯುವ ಕಥೆ: ಹದಿಹರೆಯದ ಓದುಗರಿಗಾಗಿ ಬರೆಯುವ ಬಗೆ

ಹದಿಹರೆಯದವರಿಗಾಗಿ ಬರೆಯುವ ಕಾದಂಬರಿಗಳಲ್ಲಿ, ಮೊಬೈಲ್ ಮೆಸೇಜುಗಳಲ್ಲೇ ಹುಟ್ಟಿ ಬೆಳೆಯುವ ಸಂಬಂಧದ ಕಥೆಗೆ ಈಗ ತನ್ನದೇ ಜಾಗವಿದೆ. ಬರೆದು ಕಳಿಸಿದ್ದು, ಬರೆದೂ ಕಳಿಸದೆ ಅಳಿಸಿದ್ದು, ಓದಿಯೂ ಉತ್ತರ ಕೊಡದೆ ಬಿಟ್ಟಿದ್ದು, ಇವೇ ಅಂಥ ಕಥೆಯ ಘಟನೆಗಳು. ಸಂಬಂಧವೆಂದರೆ ಪ್ರೇಮವೇ ಆಗಬೇಕಿಲ್ಲ. ಗೆಳತಿಯರ ನಡುವಿನ ಮುನಿಸು, ಅಣ್ಣನಿಗೆ ಮಾತ್ರ ಹೇಳಬಹುದಾದ ಗುಟ್ಟು, ಹಾಸ್ಟೆಲ್ ಸೇರಿದ ಮಗಳಿಗೂ ಊರಲ್ಲಿರುವ ಅಪ್ಪನಿಗೂ ನಡೆಯುವ ನಾಲ್ಕು ಮಾತು, ಎಲ್ಲಕ್ಕೂ ಈ ರೂಪ ಒಗ್ಗುತ್ತದೆ.

ಇಂಥ ಕಥೆಗೆ ಮೈಸೂರು ಹೇಳಿ ಮಾಡಿಸಿದ ಊರು. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ, ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳಿಗೆ ಚಾಮರಾಜನಗರ, ಮಂಡ್ಯ, ಕೊಡಗು, ಹಾಸನದಿಂದಷ್ಟೇ ಅಲ್ಲ, ಉತ್ತರ ಕರ್ನಾಟಕದಿಂದಲೂ ಮಕ್ಕಳು ಓದಲು ಬರುತ್ತಾರೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಸುತ್ತಿನ ಪಿ.ಜಿ.ಗಳಲ್ಲಿ, ವಿಶ್ವವಿದ್ಯಾನಿಲಯದ ಹಾಸ್ಟೆಲುಗಳಲ್ಲಿ ರಾತ್ರಿ ಹೊತ್ತು ನಡೆಯುವ ಬದುಕಿನ ಅರ್ಧ ಭಾಗ ಮೊಬೈಲಿನಲ್ಲಿದೆ. ಮನೆಯವರು ದೂರ, ಹೊಸಬರು ಹತ್ತಿರ, ಹೇಳಿಕೊಳ್ಳಲು ಬೇಕಾದಷ್ಟು, ಎದುರಿಗೆ ಹೇಳಲು ಸಂಕೋಚ. ಕಥೆಗೆ ಬೇಕಾದ ಒತ್ತಡವೆಲ್ಲ ಇಲ್ಲಿಯೇ ಇದೆ.

ಈ ಬಗೆಯ ಕಥೆಗಳಲ್ಲಿ ಮೂರು ರೂಪಗಳನ್ನು ಗುರುತಿಸಬಹುದು. ಮೊದಲನೆಯದು ಪೂರ್ತಿ ಮೆಸೇಜುಗಳಲ್ಲೇ ಬರೆದದ್ದು. ಅಮೆರಿಕದ ಲಾರೆನ್ ಮೈರಾಕಲ್ 2004ರಲ್ಲಿ ಪ್ರಕಟಿಸಿದ ‘ಟಿಟಿವೈಎಲ್’ ಇದಕ್ಕೆ ಹೆಸರಾದ ಉದಾಹರಣೆ. ಮೂವರು ಗೆಳತಿಯರ ಆನ್‌ಲೈನ್ ಮಾತುಕತೆ ಬಿಟ್ಟರೆ ಅದರಲ್ಲಿ ನಿರೂಪಕರ ಒಂದು ವಾಕ್ಯವೂ ಇಲ್ಲ. ಎರಡನೆಯದು ಮಿಶ್ರರೂಪ. ಮೇರಿ ಎಚ್.ಕೆ. ಚಾಯ್ ಅವರ ‘ಎಮರ್ಜೆನ್ಸಿ ಕಾಂಟ್ಯಾಕ್ಟ್’ (2018) ಹೀಗಿದೆ: ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಾಲೇಜು ಸೇರಿದ ಪೆನ್ನಿ, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಸ್ಯಾಮ್ ನಂಬರು ಬದಲಿಸಿಕೊಳ್ಳುತ್ತಾರೆ, ಎದುರಾಗುವುದಕ್ಕಿಂತ ಹೆಚ್ಚಾಗಿ ಮೆಸೇಜಿನಲ್ಲೇ ಒಬ್ಬರನ್ನೊಬ್ಬರು ಅರಿಯುತ್ತಾರೆ, ನಡುನಡುವೆ ಸಾಮಾನ್ಯ ನಿರೂಪಣೆ ಇಬ್ಬರ ಒಳಮನಸ್ಸನ್ನು ತೆರೆಯುತ್ತದೆ. ಮೂರನೆಯದರಲ್ಲಿ ಬರಹದ ಆಚೆಗಿರುವುದು ಯಾರು ಎಂಬುದೇ ಕುತೂಹಲ. ಬೆಕಿ ಆಲ್ಬರ್ಟಾಲಿ ಅವರ 2015ರ ‘ಸೈಮನ್ ವರ್ಸಸ್ ದ ಹೋಮೋ ಸೇಪಿಯನ್ಸ್ ಅಜೆಂಡಾ’ದಲ್ಲಿ ಹುಡುಗನೊಬ್ಬ ಹೆಸರು ಮುಖ ತಿಳಿಯದ ಇನ್ನೊಬ್ಬ ಹುಡುಗನಿಗೆ ಇ-ಮೇಲ್ ಬರೆಯುತ್ತಾ ಹೋಗುತ್ತಾನೆ.

ಹೊಸದಾಗಿ ಬರೆಯುವವರಿಗೆ ಎರಡನೆಯ ರೂಪವೇ ಒಳ್ಳೆಯದು. ಬರೀ ಮೆಸೇಜಿನಲ್ಲಿ ಇಡೀ ಕಾದಂಬರಿ ನಡೆಸಲು ಹೊರಟವರು ಬೇಗನೆ ಒಂದು ತೊಡಕಿಗೆ ಸಿಲುಕುತ್ತಾರೆ: ಓದುಗರಿಗೆ ತಿಳಿಯಬೇಕಾದದ್ದನ್ನು ಪಾತ್ರಗಳು ಒಬ್ಬರಿಗೊಬ್ಬರು ವಿವರಿಸಿ ಬರೆಯತೊಡಗುತ್ತವೆ. ಒಂದೇ ಹಾಸ್ಟೆಲಿನ ಗೆಳತಿಗೆ ‘ನಮ್ಮ ಹಾಸ್ಟೆಲ್ ಕುಕ್ಕರಹಳ್ಳಿ ಕೆರೆಗೆ ಹತ್ತಿರ ಇದೆಯಲ್ಲ’ ಎಂದು ಯಾರೂ ಮೆಸೇಜು ಮಾಡುವುದಿಲ್ಲ.

ಜಪಾನಿನ ‘ಕೇಟಾಯ್ ಶೋಸೆತ್ಸು’ವನ್ನು, ಅಂದರೆ ಮೊಬೈಲ್ ಕಾದಂಬರಿಯನ್ನು, ಇದರೊಂದಿಗೆ ಬೆರೆಸಬಾರದು. ಅವು ಫೋನಿನಲ್ಲಿ ಬರೆದು ಫೋನಿನಲ್ಲೇ ಓದಿಸಿಕೊಂಡ ಧಾರಾವಾಹಿಗಳು, ಮೆಸೇಜುಗಳಿಂದ ಕಟ್ಟಿದವಲ್ಲ. ಮಿಕಾ ಎಂಬ ಹೆಸರಿನಲ್ಲಿ ಬಂದ ‘ಕೋಯಿಝೋರಾ’ 2006ರಲ್ಲಿ ಪುಸ್ತಕವಾಗಿ, 2007ರಲ್ಲಿ ಸಿನಿಮಾ ಆಯಿತು. ಆ ವರ್ಷ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಈ ಬಗೆಯವೇ. ಕನ್ನಡದಲ್ಲಿ ಅದಕ್ಕೆ ಹತ್ತಿರವಾದದ್ದು ಬೆಂಗಳೂರಿನಲ್ಲಿ ಶುರುವಾದ ‘ಪ್ರತಿಲಿಪಿ’ಯಂಥ ವೇದಿಕೆಗಳಲ್ಲಿ ಕಂತುಕಂತಾಗಿ ಬರುವ ಕಥೆಗಳು.

ಕನ್ನಡದ ಬುನಾದಿ

ದೂರವಿರುವವರ ಮಾತನ್ನೇ ಕಥೆಯಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಮೋಡದ ಕೈಯಲ್ಲಿ ಸಂದೇಶ ಕಳಿಸಿದ ಯಕ್ಷನನ್ನು ಬೇಂದ್ರೆ ‘ಕನ್ನಡ ಮೇಘದೂತ’ದಲ್ಲಿ ನಮ್ಮವನನ್ನಾಗಿ ಮಾಡಿದ್ದಾರೆ. ಸಿನಿಮಾದಲ್ಲಿ ಎರಡು ಹತ್ತಿರದ ಮಾದರಿಗಳಿವೆ. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ಆಧರಿಸಿ ಸುನಿಲ್ ಕುಮಾರ್ ದೇಸಾಯಿ 1995ರಲ್ಲಿ ನಿರ್ದೇಶಿಸಿದ ‘ಬೆಳದಿಂಗಳ ಬಾಲೆ’ಯಲ್ಲಿ ಅನಂತ್ ನಾಗ್ ಪಾತ್ರ ಒಲಿಯುವುದು ಫೋನಿನಲ್ಲಿ ಬರುವ ದನಿಗೆ, ಆಕೆಯ ಮುಖವನ್ನು ಚಿತ್ರ ತೋರಿಸುವುದೇ ಇಲ್ಲ. ತಮಿಳಿನ ‘ಕಾದಲ್ ಕೋಟ್ಟೈ’ ಆಧರಿಸಿದ, ರವಿಚಂದ್ರನ್ ನಟಿಸಿದ 1998ರ ‘ಯಾರೇ ನೀನು ಚೆಲುವೆ’ಯಲ್ಲಿ ಪ್ರೇಮ ಬೆಳೆಯುವುದು ಪತ್ರಗಳಲ್ಲಿ. ಮೆಸೇಜಿನ ಕಥೆ ಬರೆಯುವವರು ಈ ಎರಡನ್ನೂ ನೋಡಬೇಕು. ಕಾಣದೆ ಇರುವುದನ್ನು ಎಷ್ಟು ಹೊತ್ತು ಕಾಣಿಸದೆ ಇಟ್ಟರೆ ಓದುಗರ ಆಸಕ್ತಿ ಉಳಿಯುತ್ತದೆ ಎಂಬುದಕ್ಕೆ ಇವು ಪಾಠ.

ಮೈಸೂರಿನದೇ ಒಂದು ಹೆಸರನ್ನು ಇಲ್ಲಿ ನೆನೆಯಲೇಬೇಕು. ಚಾಮುಂಡಿಪುರದಲ್ಲಿ ನೆಲೆಸಿದ್ದ ತ್ರಿವೇಣಿ (1928–1963) ಬದುಕಿದ್ದು ಮೂವತ್ತೈದು ವರ್ಷವೂ ಪೂರ್ತಿಯಲ್ಲ. ಅಷ್ಟರಲ್ಲೇ ‘ಶರಪಂಜರ’, ‘ಬೆಳ್ಳಿಮೋಡ’, ‘ಬೆಕ್ಕಿನ ಕಣ್ಣು’ ಬರೆದು, ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾಗದ್ದನ್ನು ಕಾದಂಬರಿಯ ವಸ್ತುವಾಗಿಸಿದರು. ಅವರ ಪಾತ್ರಗಳ ಕೈಯಲ್ಲಿ ಮೊಬೈಲ್ ಇರಲಿಲ್ಲ, ಆದರೆ ಮನಸ್ಸಿನಲ್ಲಿರುವುದಕ್ಕೂ ನಾಲಿಗೆಗೆ ಬರುವುದಕ್ಕೂ ನಡುವಿನ ಅಂತರವನ್ನು ಅವರು ಬರೆದ ರೀತಿ ಇಂದಿನ ಯುವ ಲೇಖಕರಿಗೆ ಬೇರಾವ ವಿದೇಶಿ ಮಾದರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಷ್ಟಿದ್ದೂ ಹದಿನಾಲ್ಕರಿಂದ ಇಪ್ಪತ್ತರ ಒಳಗಿನವರಿಗೆಂದೇ ಬರೆದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ, 2011ರಲ್ಲಿ ಯುವ ಪುರಸ್ಕಾರ ಆರಂಭಿಸಿತು. ಮೊದಲನೆಯದು ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ, ಎರಡನೆಯದು ವಯಸ್ಸಿನಲ್ಲಿ ಚಿಕ್ಕವರಾದ ಲೇಖಕರಿಗೆ. ನಡುವಿನ ಓದುಗರಿಗೆ ಗೂಡೇ ಇಲ್ಲದಂತಾಗಿದೆ. ಪಿಯುಸಿ ಓದುವ ಹುಡುಗಿ ಇಂಗ್ಲಿಷಿನತ್ತ ಹೊರಳುವುದು ಇಲ್ಲಿಯೇ.

ಯಾವ ವರ್ಷದ ಕಥೆ?

ಬರೆಯಲು ಕೂರುವ ಮೊದಲು ತೀರ್ಮಾನಿಸಬೇಕಾದದ್ದು ಕಥೆ ನಡೆಯುವ ವರ್ಷ. ಪತ್ರದ ಕಥೆಗೆ ವರ್ಷ ಅಷ್ಟು ಮುಖ್ಯವಲ್ಲ. 1950ರ ಇನ್‌ಲ್ಯಾಂಡ್ ಲೆಟರಿಗೂ 1980ರದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಮೊಬೈಲಿನಲ್ಲಿ ಎರಡು ವರ್ಷಕ್ಕೇ ನಡವಳಿಕೆ ಬದಲಾಗುತ್ತದೆ, ಅದರೊಂದಿಗೆ ಕಥಾವಸ್ತುವೂ.

ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ಅದೊಂದು ಕ್ರಿಸ್ಮಸ್ ಶುಭಾಶಯ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಸಂಕೇತಗಳ ಮಿತಿ. ಕನ್ನಡದಲ್ಲಿ ಬರೆದರೆ ಅದು 70ಕ್ಕೆ ಇಳಿಯುತ್ತದೆ. ಅದೂ 70 ಅಕ್ಷರವಲ್ಲ: ಕಾಗುಣಿತ, ಅನುಸ್ವಾರ, ಒತ್ತಕ್ಷರದ ಕೊಂಡಿ ಎಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಚಾಮುಂಡಿಬೆಟ್ಟ’ ಕಣ್ಣಿಗೆ ಐದು ಅಕ್ಷರ, ಎಣಿಕೆಯಲ್ಲಿ ಹನ್ನೆರಡು. ಜೊತೆಗೆ ಎಸ್ಸೆಮ್ಮೆಸ್ ಕಾಲದ ಎಷ್ಟೋ ಹ್ಯಾಂಡ್‌ಸೆಟ್ಟುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಆ ಪೀಳಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ರೂಢಿಸಿಕೊಂಡಿತು, ಸ್ವರಗಳನ್ನು ನುಂಗಿ ಪದಗಳನ್ನು ಮೊಟಕು ಮಾಡಿತು.

2009ರ ಮೈಸೂರಿನಲ್ಲಿ ಕಥೆ ನಡೆಯುವುದಾದರೆ ಕರೆನ್ಸಿ, ಎಸ್ಸೆಮ್ಮೆಸ್ ಪ್ಯಾಕ್, ಮಿಸ್ಡ್ ಕಾಲ್ ಮೂರೂ ಕಥೆಯೊಳಗೆ ಬರಲೇಬೇಕು. ಹಬ್ಬದ ದಿನಗಳಲ್ಲಿ ಪ್ಯಾಕ್ ನಡೆಯುತ್ತಿರಲಿಲ್ಲ, ಪ್ರತಿ ಮೆಸೇಜಿಗೂ ದುಡ್ಡು. ಹೊಸ ವರ್ಷದ ಮಧ್ಯರಾತ್ರಿ ಒಂದೇ ಒಂದು ಮೆಸೇಜಿಗೆ ಸಾಲುವಷ್ಟು ಕರೆನ್ಸಿ ಉಳಿದ ಹುಡುಗ ಅದನ್ನು ಯಾರಿಗೆ ಕಳಿಸುತ್ತಾನೆ ಎಂಬುದೇ ಒಂದು ಅಧ್ಯಾಯವಾಗಬಲ್ಲದು. 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಸಿಮ್ಮಿಗೆ ದಿನಕ್ಕೆ 100 ಎಸ್ಸೆಮ್ಮೆಸ್ ಎಂಬ ಮಿತಿ ಹೇರಿತು, ನವೆಂಬರಿನಲ್ಲಿ ಅದನ್ನು 200ಕ್ಕೆ ಏರಿಸಿತು. ಜಗಳದ ನಡುವೆ ಮಿತಿ ಮುಗಿದುಹೋದರೆ ಉತ್ತರ ಬಾರದ ಕಾರಣ ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ವಾಟ್ಸ್‌ಆ್ಯಪ್ 2009ರಲ್ಲೇ ಬಂದರೂ ಕಾಲೇಜು ಹುಡುಗರ ಕೈಗೆಲ್ಲ ಡೇಟಾ ಧಾರಾಳವಾಗಿ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ. ನೀಲಿ ಟಿಕ್ಕು 2014ರ ನವೆಂಬರಿನದು. ಅದಕ್ಕೂ ಮುಂಚಿನ ಕಥೆಯಲ್ಲಿ ‘ಓದಿದ್ದೀಯ, ಆದ್ರೂ ರಿಪ್ಲೈ ಮಾಡಿಲ್ಲ’ ಎಂದು ನೀಲಿ ಗುರುತು ತೋರಿಸಿ ಯಾರೂ ಜಗಳವಾಡಲಾರರು. ಕಳಿಸಿದ ಮೆಸೇಜನ್ನು ಎರಡೂ ಕಡೆಯಿಂದ ಅಳಿಸುವ ಸೌಲಭ್ಯ 2017ರ ಕೊನೆಗೆ, ಏಳು ದಿನದಲ್ಲಿ ತಾನಾಗಿ ಮಾಯವಾಗುವ ಮೆಸೇಜು 2020ರಲ್ಲಿ, ಕಳಿಸಿದ ಹದಿನೈದು ನಿಮಿಷದೊಳಗೆ ತಿದ್ದುವ ಅವಕಾಶ 2023ರಲ್ಲಿ ಬಂದವು. ಇವುಗಳಲ್ಲಿ ಕಥೆಗಾರರಿಗೆ ಹೆಚ್ಚು ಬೆಲೆಬಾಳುವುದು ಅಳಿಸಿದ ಮೆಸೇಜು. ಮಾತು ಹೋಗಿ, ಮಾತು ಇತ್ತೆಂಬ ಗುರುತು ಮಾತ್ರ ಉಳಿಯುತ್ತದೆ. ಓದುಗರಿಗೂ ಅದನ್ನು ತೋರಿಸದೆ ಇಡುವ ಧೈರ್ಯ ಲೇಖಕರಿಗೆ ಬೇಕು.

ಮೆಸೇಜಿನ ಕನ್ನಡ

ಪತ್ರದಲ್ಲಿ ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಮೊದಲ ಸಾಲು ಹೇಗೋ ಮೆಸೇಜಿನಲ್ಲಿ ‘ಊಟ ಆಯ್ತಾ’ ಹಾಗೆ. ಅದು ಪ್ರಶ್ನೆಯೇ ಅಲ್ಲ. ಮಾತಾಡುವ ಮನಸ್ಸಿದೆ ಎಂಬ ಸೂಚನೆ. ಇಂಥ ಸಾಲುಗಳನ್ನು ನೀರಸವೆಂದು ಕತ್ತರಿಸಿದರೆ ಕಥೆಯ ಉಸಿರು ಹೋಗುತ್ತದೆ. ಎಲ್ಲವನ್ನೂ ಇಟ್ಟುಕೊಂಡರೆ ಪುಟ ತುಂಬುತ್ತದೆ, ಕಥೆ ಸಾಗುವುದಿಲ್ಲ. ಮೊದಲ ಕೆಲವು ಬಾರಿ ಇಟ್ಟು, ಆಮೇಲೆ ಬಿಟ್ಟು, ಕೊನೆಗೆ ಒಂದು ದಿನ ‘ಊಟ ಆಯ್ತಾ’ ಬಾರದೇ ಹೋದದ್ದನ್ನು ಓದುಗರೇ ಗಮನಿಸುವಂತೆ ಮಾಡುವುದು ಸರಿಯಾದ ದಾರಿ.

ಕನ್ನಡದ ದೊಡ್ಡ ಅನುಕೂಲವೆಂದರೆ ಮರ್ಯಾದೆಯ ರೂಪಗಳು. ‘ನೀವು’ ಬಿಟ್ಟು ‘ನೀನು’ ಬರುವ ಗಳಿಗೆ, ‘ಕಣೋ’, ‘ಕಣೇ’ ಮೊದಲ ಸಲ ಅಂಟಿಕೊಳ್ಳುವ ಸಾಲು, ಮುನಿಸಿನಲ್ಲಿ ಮತ್ತೆ ‘ನೀವು’ ಎಂದು ದೂರ ಸರಿಯುವ ಉತ್ತರ, ಇವೆಲ್ಲ ಒಂದೊಂದು ತಿರುವು. ಇಂಗ್ಲಿಷಿನಲ್ಲಿ ಈ ಕಥೆ ಬರೆಯುವವರಿಗೆ ಈ ಸೌಲಭ್ಯ ಇಲ್ಲ. ಅವರು ವಿವರಿಸಿ ಹೇಳಬೇಕಾದದ್ದನ್ನು ಇಲ್ಲಿ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ.

ಊರಿನ ಮಾತೂ ಹಾಗೆಯೇ. ಮೈಸೂರಿನ ಹುಡುಗ ‘ಹೋಗ್ತಾ ಇದೀನಿ’ ಎಂದರೆ ಚಾಮರಾಜನಗರದ ಕಡೆಯವನು ‘ಓಯ್ತಾವ್ನಿ’ ಎಂದಾನು, ಹುಬ್ಬಳ್ಳಿಯವಳು ‘ಹೊಂಟೀನಿ’ ಎನ್ನುತ್ತಾಳೆ. ಪಾತ್ರದ ಹೆಸರನ್ನು ಪ್ರತಿ ಸಾಲಿಗೂ ಹಾಕದೆಯೇ ಯಾರ ಮೆಸೇಜು ಎಂದು ತಿಳಿಯುವಷ್ಟು ಈ ವ್ಯತ್ಯಾಸವನ್ನು ಬಳಸಿಕೊಳ್ಳಬಹುದು. ಆದರೆ ಹುಬ್ಬಳ್ಳಿಯವಳು ಮೈಸೂರಿನವರೊಂದಿಗೆ ಮೊದಲ ದಿನಗಳಲ್ಲಿ ತನ್ನ ಮಾತನ್ನು ಸ್ವಲ್ಪ ಪುಸ್ತಕದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಾಳೆ, ಸಲುಗೆ ಬೆಳೆದಂತೆ ತನ್ನೂರಿನ ಮಾತಿಗೆ ಮರಳುತ್ತಾಳೆ. ಇದನ್ನು ಗಮನಿಸದೆ ಮೊದಲ ಪುಟದಿಂದಲೇ ಗಡುಸು ಆಡುಮಾತು ತುಂಬಿದರೆ ಪಾತ್ರ ನಾಟಕದ ವೇಷದಂತಾಗುತ್ತದೆ.

ಈ ಮಾತುಗಳಿಗೆ ಉದಾಹರಣೆಯಾಗಿ ರಚಿಸಿದ ಒಂದು ತುಣುಕು ಹೀಗಿದೆ. ಅರಮನೆಯ ದೀಪಗಳು ಹೊತ್ತುವ ಒಂದು ಭಾನುವಾರದ ಸಂಜೆ. ಅವನು ಮೈಸೂರಿನವನು, ಅವಳು ಹುಬ್ಬಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವವಳು.

6.52 – ಲೈಟು ನೋಡಕ್ಕೆ ಬರ್ತೀರಾ?
6.53 – ಯಾವ ಲೈಟ್ ರೀ
6.53 – ಅರಮನೆದು. ಇವತ್ತು ಭಾನುವಾರ ಅಲ್ವಾ
6.58 – ವಾರ್ಡನ್ನ ಕೇಳಬೇಕ್ರೀ
7.01 – ಹಾಕಿದ್ರು
7.01 – ಸಕ್ಕತ್ತಾಗಿದೆ
7.38 – ಇನ್ನೂ ಅಲ್ಲೇ ಅದೀಯೇನ?
7.38 – ಇದೀನಿ

ಇದರಲ್ಲಿ ಪ್ರೀತಿಯ ಮಾತು ಒಂದೂ ಇಲ್ಲ. 7.01ರಿಂದ 7.38ರವರೆಗೆ ಹಾಸ್ಟೆಲಿನಲ್ಲಿ ಏನು ನಡೆಯಿತೋ ಬರೆದಿಲ್ಲ. ಆದರೆ ‘ರೀ’ ಬಿದ್ದುಹೋಗಿದೆ, ಅವನ ಕೊನೆಯ ಉತ್ತರ ಅದೇ ನಿಮಿಷದಲ್ಲಿ ಬಂದಿದೆ. ಮೆಸೇಜಿನ ಕಥೆಯಲ್ಲಿ ಗಡಿಯಾರ ಬರೀ ಅಲಂಕಾರವಲ್ಲ. ನಿರೂಪಕರು ಮಾಡುವ ಅರ್ಧ ಕೆಲಸವನ್ನು ಅದು ಮಾಡುತ್ತದೆ. ಪ್ರತಿ ಸಾಲಿಗೂ ಸಮಯ ಹಾಕುವ ಅಗತ್ಯವಿಲ್ಲ. ತಡವಾದಾಗ, ತೀರ ಬೇಗ ಉತ್ತರ ಬಂದಾಗ, ಹೊತ್ತಲ್ಲದ ಹೊತ್ತಿನಲ್ಲಿ ಮೆಸೇಜು ಬಂದಾಗ ಹಾಕಿದರೆ ಸಾಕು.

ಲಿಪಿಯ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡು ಕೊನೆಯವರೆಗೂ ಪಾಲಿಸಬೇಕು. ನಿಜ ಜೀವನದಲ್ಲಿ ಪಾತ್ರಗಳು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡುವವರಾದರೂ ಪುಟದ ಮೇಲೆ ಕನ್ನಡ ಲಿಪಿಯಲ್ಲೇ ಬರೆಯುವುದು ಓದಿಗೆ ಸಲೀಸು. ಕನ್ನಡದಲ್ಲೇ ಟೈಪು ಮಾಡುವ ಪಾತ್ರವೊಂದಿದ್ದರೆ ಅದನ್ನು ನಿರೂಪಣೆಯಲ್ಲಿ ಒಮ್ಮೆ ಹೇಳಿಬಿಡಬೇಕು. ಅಂಥ ಹುಡುಗಿಗೆ ಗೆಳೆಯರ ಗುಂಪಿನಲ್ಲಿ ಬೇರೆಯೇ ಬಣ್ಣವಿರುತ್ತದೆ. ಎಮೋಜಿಯನ್ನು ಉಪ್ಪಿನಂತೆ ಬಳಸಿದರೆ ಚೆನ್ನ.

ಫೋನಿನ ಸುತ್ತ ಇರುವವರು

ಇಬ್ಬರ ಮೆಸೇಜಿನ ಕಥೆಯಲ್ಲಿ ಮೂರನೆಯವರು ಸದಾ ಇರುತ್ತಾರೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಫೋನು ಒಬ್ಬರದಲ್ಲ. 2020ರಲ್ಲಿ ಆನ್‌ಲೈನ್ ತರಗತಿ ಶುರುವಾದಾಗ ಅಪ್ಪನ ಫೋನಿನಲ್ಲಿ ಪಾಠ ಕೇಳಿದ ಮಕ್ಕಳಿದ್ದಾರೆ. ಅಂಥ ಫೋನಿಗೆ ಗೆಳತಿಯ ಮೆಸೇಜು ಬಂದರೆ ಮೊದಲು ಓದುವವರು ಅಪ್ಪ. ಹುಡುಗನ ನಂಬರನ್ನು ಗೆಳತಿಯ ಹೆಸರಲ್ಲಿ ಉಳಿಸಿಕೊಳ್ಳುವುದು, ಪರದೆಯನ್ನು ತಿರುಗಿಸಿಡುವುದು, ತಂಗಿಗೆ ಪಾಸ್‌ವರ್ಡ್ ಗೊತ್ತಿರುವುದು, ಇವೆಲ್ಲ ಕಥೆಗೆ ಸಿದ್ಧವಾಗಿರುವ ವಸ್ತು. ಬಹುತೇಕ ಪಿಯು ಕಾಲೇಜುಗಳಲ್ಲಿ ಮೊಬೈಲ್ ತರುವಂತಿಲ್ಲ; ಬೆಳಗಿನಿಂದ ಸಂಜೆಯವರೆಗಿನ ಆ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆತ್ತವರನ್ನು ಬರೀ ಅಡ್ಡಿಯಾಗಿ ಚಿತ್ರಿಸುವುದು ಸುಲಭ, ಅನ್ಯಾಯ ಕೂಡ. ಮಗಳ ಫೋನು ನೋಡುವ ತಾಯಿಯ ಭಯಕ್ಕೂ ಕಾರಣವಿರುತ್ತದೆ. ಅದು ಕಥೆಯಲ್ಲಿ ಬಂದರೆ ಓದುವ ಹದಿನಾರರ ಹುಡುಗಿ ತನ್ನ ಅಮ್ಮನನ್ನು ಬೇರೆ ಕಣ್ಣಿನಿಂದ ನೋಡಬಹುದು.

ಮೆಸೇಜನ್ನು ಮನರಂಜನೆಯೆಂದಷ್ಟೇ ನೋಡದಿರಲು ಇನ್ನೊಂದು ಕಾರಣ ಮೈಸೂರಿನಲ್ಲೇ ಇದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಕಿವಿ ಕೇಳದವರಿಗೆ ಫೋನ್ ಕರೆ ಕೊಡಲಾಗದ್ದನ್ನು ಮೆಸೇಜು ಕೊಟ್ಟಿತು: ಯಾರ ನೆರವೂ ಇಲ್ಲದೆ ದೂರದವರೊಂದಿಗೆ ನೇರವಾಗಿ ಮಾತಾಡುವ ದಾರಿ. ಕಿವಿ ಕೇಳದ ಹುಡುಗಿ ಮತ್ತು ಕೇಳುವ ಹುಡುಗನ ಮೆಸೇಜುಗಳಲ್ಲಿ ಇಬ್ಬರೂ ಸರಿಸಮಾನರು. ಎದುರಾದಾಗ ಏನಾಗುತ್ತದೆ ಎಂಬಲ್ಲಿ ಕಥೆ ನಿಜವಾಗಿ ಶುರುವಾಗುತ್ತದೆ. ಬರೆಯುವವರು ಸಂಜ್ಞಾ ಭಾಷೆ ಬಳಸುವವರನ್ನು ಕೇಳಿ ತಿಳಿದೇ ಬರೆಯಬೇಕು.

ಎಚ್ಚರ ವಹಿಸಬೇಕಾದ ಕಡೆ

ನಿಜವಾದ ಚಾಟುಗಳನ್ನು ಹಾಗೇ ಎತ್ತಿ ಕಥೆಗೆ ಹಾಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಪತ್ರದ ಹಕ್ಕು ಬರೆದವರದು, ಪಡೆದವರದಲ್ಲ; ಮೆಸೇಜನ್ನೂ ಹಾಗೆಯೇ ಕಾಣುವುದು ಕ್ಷೇಮ. ಕಾನೂನಿಗಿಂತ ದೊಡ್ಡದು ನಂಬಿಕೆಯ ಪ್ರಶ್ನೆ. ಗೆಳತಿ ರಾತ್ರಿ ಎರಡು ಗಂಟೆಗೆ ಬರೆದದ್ದು ಪುಸ್ತಕದಲ್ಲಿ ಅಚ್ಚಾದರೆ ಹೆಸರು ಬದಲಿಸಿದ್ದರೂ ಅವಳಿಗೆ ಗೊತ್ತಾಗುತ್ತದೆ.

ಹದಿನೆಂಟು ತುಂಬದ ಪಾತ್ರಗಳಿರುವಲ್ಲಿ ಹೆಚ್ಚಿನ ಹೊಣೆ ಇದೆ. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಕಳಿಸುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಖಾಸಗಿ ಫೋಟೋ ಕೇಳುವುದನ್ನು ಪ್ರೀತಿಯ ಪರೀಕ್ಷೆಯೆಂಬಂತೆ ಬರೆಯುವ ಕಥೆ ಓದುಗರಿಗೆ ದ್ರೋಹ ಮಾಡುತ್ತದೆ. ಅದರಿಂದ ಹುಟ್ಟುವ ಬೆದರಿಕೆ, ಸ್ಕ್ರೀನ್‌ಶಾಟಿನ ಭಯ ಇವನ್ನು ಬರೆಯಬಾರದೆಂದಲ್ಲ; ಬರೆಯಲೇಬೇಕು, ಆದರೆ ಹೊರಬರುವ ದಾರಿಯೂ ಕಾಣುವಂತಿರಬೇಕು. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098, ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಈ ಸಂಖ್ಯೆಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಮಾಡುವುದು ಒಳ್ಳೆಯ ಪದ್ಧತಿ.

ಇಂಥ ಪುಸ್ತಕಗಳಿಗೆ ವಿರೋಧವೂ ಬರಬಹುದು. ಮೈರಾಕಲ್ ಅವರ ಸರಣಿ ಅಮೆರಿಕದ ಗ್ರಂಥಾಲಯ ಸಂಘದ ಆಕ್ಷೇಪಿತ ಪುಸ್ತಕಗಳ ಪಟ್ಟಿಯಲ್ಲಿ 2009 ಮತ್ತು 2011ರಲ್ಲಿ ಮೊದಲ ಸ್ಥಾನದಲ್ಲಿತ್ತು.

ಅಚ್ಚಿಗೆ ಹೋಗುವ ಮುನ್ನ

ಕರಡು ಮುಗಿದ ಮೇಲೆ ಇಬ್ಬರು ಅದನ್ನು ಜೋರಾಗಿ ಓದಬೇಕು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ. ಹದಿನೇಳರ ಹುಡುಗಿಯ ಸಾಲುಗಳನ್ನು ಹದಿನೇಳರ ಹುಡುಗಿಯೇ ಓದಿದರೆ ಸುಳ್ಳು ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ಕಾಲೇಜು ಗುಂಪುಗಳ ಬಿರುಸು ಮಾತು ಆರು ತಿಂಗಳಲ್ಲಿ ಹಳತಾಗುತ್ತದೆ. ‘ಮಗಾ’, ‘ಗುರು’ಗಳಂತೆ ಕೆಲವು ಕಾಲದಿಂದ ಉಳಿದು ಬಂದವನ್ನು ಇಟ್ಟುಕೊಂಡು ಉಳಿದದ್ದನ್ನು ಮಿತಿಯಲ್ಲಿಡುವುದು ಲೇಸು.

ಸಣ್ಣ ಕಥೆಯಾದರೆ ‘ಮಯೂರ’, ‘ಸುಧಾ’, ‘ತುಷಾರ’ಗಳಿಗೆ ಕಳಿಸಬಹುದು, ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಯಂಥ ಕಡೆಯೂ ಪ್ರಯತ್ನಿಸಬಹುದು. ಕಾದಂಬರಿಗೆ ಮೈಸೂರಿನಲ್ಲೇ ಕಾವ್ಯಾಲಯ, ಡಿ.ವಿ.ಕೆ. ಮೂರ್ತಿ, ಗೀತಾ ಬುಕ್ ಹೌಸ್, ಸಂವಹನ, ಅಭಿರುಚಿಯಂಥ ಪ್ರಕಾಶನಗಳ ಪರಂಪರೆ ಇದೆ. ಸ್ವಂತವಾಗಿ ತರುವವರಿಗೆ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಐಎಸ್‌ಬಿಎನ್ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ.

ಪುಟವಿನ್ಯಾಸ ಮಾಡುವವರೊಂದಿಗೆ ಮೊದಲೇ ಮಾತಾಡಬೇಕು. ಯುನಿಕೋಡ್‌ನಲ್ಲಿ ಬರೆದ ಹಸ್ತಪ್ರತಿಯನ್ನು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಪರಿವರ್ತಿಸಿದರೆ ಎಮೋಜಿಗಳು ಕಾಣೆಯಾಗುತ್ತವೆ ಅಥವಾ ಗೊತ್ತುಗುರಿಯಿಲ್ಲದ ಚಿಹ್ನೆಗಳಾಗುತ್ತವೆ. ಅವನ್ನು ಚಿತ್ರವಾಗಿ ಕೊಡುವುದು ಅಥವಾ ಕೊನೆವರೆಗೂ ಯುನಿಕೋಡಿನಲ್ಲೇ ಪುಟ ಕಟ್ಟಿಸುವುದು ಪರಿಹಾರ. ಮೆಸೇಜನ್ನು ಗುಳ್ಳೆಯೊಳಗೆ ಇಡುವ ಅಲಂಕಾರ ಬೇಡ. ಒಬ್ಬರದು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇದ್ದರೆ ಸಾಕು. ಒಂದು ಪ್ರಶ್ನೆ ಮತ್ತು ಅದರ ತಡವಾದ ಉತ್ತರ ಬೇರೆ ಬೇರೆ ಪುಟಕ್ಕೆ ಒಡೆದುಹೋಗದಂತೆ ಅಂತಿಮ ಕರಡಿನಲ್ಲಿ ಸಾಲು ಸಾಲಾಗಿ ನೋಡಿ, ಬೇಕಾದ ಕಡೆ ಖಾಲಿ ಜಾಗವನ್ನು ಕೈಯಾರೆ ಹೊಂದಿಸಬೇಕು.